ಎಳೆಯ ಕೆಂಪು ವೈನಿನ ಹಸಿರು ರುಚಿ

ಸಿಹಿಯಿಲ್ಲದ ಕೆಂಪು ವೈನನ್ನು ಮೊದಲ ಬಾರಿಗೆ ಬಾಯಿಗಿಟ್ಟವರು ಮುಖ ಕಿವುಚಿಕೊಂಡು ‘ಇದು ಇನ್ನೂ ಕಾಯಿ’ ಎನ್ನುವುದನ್ನು ನಾನು ದಾವಣಗೆರೆಯಲ್ಲಿ ಅನೇಕ ಸಲ ಕೇಳಿದ್ದೇನೆ. ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಿಹಿ ಪಾನೀಯದಿಂದಲೇ ವೈನಿನ ಪರಿಚಯ ಮಾಡಿಕೊಂಡ ನಾಲಿಗೆಗೆ ಹಾಗೆನಿಸುವುದು ಸಹಜ, ಏಕೆಂದರೆ ಸಕ್ಕರೆಯು ಒಗರನ್ನೂ ಕಹಿಯನ್ನೂ ಒಟ್ಟಿಗೆ ಮುಚ್ಚಿಹಾಕುತ್ತದೆ. ಆದರೆ ಈ ದೂರನ್ನು ಹೊಸಬರ ನಾಲಿಗೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕೆಲವು ಕೆಂಪು ವೈನುಗಳಲ್ಲಿ ಹಸಿ ಸೊಪ್ಪಿನ, ಹಸಿ ಕಾಯಿಯ, ಒಮ್ಮೊಮ್ಮೆ ಮುರಿದ ಕಡ್ಡಿಯ ರುಚಿ ಇರುವುದು ನಿಜ, ಮತ್ತು ಅದು ಎಳೆಯ ವೈನುಗಳಲ್ಲಿ ಹೆಚ್ಚಾಗಿ ಎದ್ದು ಕಾಣುವುದೂ ನಿಜ. ಇಂತಹ ಸಂದರ್ಭದಲ್ಲಿ ವಿಷಯ ಬಲ್ಲವರು ಹೇಳುವ ಸಮಾಧಾನದ ಮಾತೊಂದಿದೆ: ವೈನ್ ಇನ್ನೂ ಎಳೆಯದು, ಎರಡು ಮೂರು ವರ್ಷ ಇಟ್ಟರೆ ಸರಿಹೋಗುತ್ತದೆ. ಈ ಮಾತು ಅರ್ಧದಷ್ಟು ಮಾತ್ರ ಸರಿ. ಹಸಿರು ರುಚಿ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಮೂಗಿಗೆ ಸೇರಿದ ಭಾಗವೊಂದು, ಬಾಯಿಗೆ ಸೇರಿದ ಭಾಗವೊಂದು ಇರುತ್ತದೆ. ಕಾಲ ಕಳೆದಂತೆ ಬಾಯಿಯದು ಮೆತ್ತಗಾಗುತ್ತದೆ, ಮೂಗಿನದು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಾದ ನನಗೆ ಈ ವ್ಯತ್ಯಾಸವೇ ಈ ವಿಷಯದ ತಿರುಳು ಎನಿಸುತ್ತದೆ.

ಮೂಗಿನ ಭಾಗವನ್ನು ಅರಿಯಲು ದಾವಣಗೆರೆಯವರು ದೂರ ಹೋಗಬೇಕಾಗಿಲ್ಲ. ಸಂಜೆ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಗಳಲ್ಲಿ, ಎಣ್ಣೆ ಕಾಯುವುದಕ್ಕೆ ಮೊದಲು, ಉದ್ದನೆಯ ತಿಳಿಹಸಿರು ಕಾಯಿಗಳನ್ನು ರಾಶಿ ಹಾಕಿಕೊಂಡು ಒಂದೊಂದನ್ನಾಗಿ ಚಾಕುವಿನ ತುದಿಯಿಂದ ಸೀಳುತ್ತಾರೆ. ಸೀಳಿದ ಕೂಡಲೇ, ಖಾರದ ಘಾಟು ಮೂಗಿಗೆ ತಾಗುವುದಕ್ಕೂ ಮುಂಚೆ, ತಣ್ಣಗಿನ ಒಂದು ಹಸಿ ವಾಸನೆ ಹಾಯ್ದು ಬರುತ್ತದೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಖಾರವಿಲ್ಲದ ಕಾರಣ ಆ ವಾಸನೆ ಇನ್ನೂ ಶುದ್ಧವಾಗಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 1969ರಲ್ಲಿ ದೊಣ್ಣೆ ಮೆಣಸಿನಕಾಯಿಯ ಈ ವಾಸನೆಗೆ ಕಾರಣವಾದ ವಸ್ತುವನ್ನು ಗುರುತಿಸಿದರು. ಅದರ ಹೆಸರು ಐಸೋಬ್ಯೂಟೈಲ್ ಮಿಥಾಕ್ಸಿಪೈರಜೀನ್. ಮುಂದೆ ಇದನ್ನು ಪೈರಜೀನ್ ಎಂದಷ್ಟೇ ಕರೆಯುತ್ತೇನೆ. 1975ರ ಹೊತ್ತಿಗೆ ಫ್ರಾನ್ಸಿನಲ್ಲಿ ಅದೇ ವಸ್ತು ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿಯಲ್ಲಿಯೂ ಇರುವುದು ಗೊತ್ತಾಯಿತು. ಆದ್ದರಿಂದ ವೈನಿನಲ್ಲಿ ಮೆಣಸಿನಕಾಯಿಯ ವಾಸನೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಅದನ್ನು ಉಪಮೆ ಎಂದು ತಿಳಿಯಬೇಕಾಗಿಲ್ಲ. ಎರಡರಲ್ಲಿಯೂ ಇರುವುದು ಒಂದೇ ಅಣು.

ಈ ಅಣುವಿನ ಶಕ್ತಿಯನ್ನು ಅಂಕಿಗಳಲ್ಲಿ ಹೇಳಿದರೆ ನಂಬಲು ಕಷ್ಟವಾಗುತ್ತದೆ. ನೀರಿನಲ್ಲಿ ಲೀಟರಿಗೆ ಸುಮಾರು 2 ನ್ಯಾನೋಗ್ರಾಂ ಇದ್ದರೆ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ, ಎಂದರೆ ವಾಣಿವಿಲಾಸ ಸಾಗರ, ತುಂಬಿದಾಗ ಅದರಲ್ಲಿ ಸುಮಾರು 30 ಟಿಎಂಸಿ ನೀರು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿದರೆ, 2 ಕಿಲೋಗಿಂತಲೂ ಕಡಿಮೆ ಪೈರಜೀನನ್ನು ಸಮನಾಗಿ ಬೆರೆಸಿದರೆ ಆ ಇಡೀ ಜಲಾಶಯದ ನೀರು ಮೆಣಸಿನಕಾಯಿಯ ವಾಸನೆಯ ಅಂಚಿಗೆ ಬಂದು ನಿಲ್ಲುತ್ತದೆ. ಕೆಂಪು ವೈನಿನಲ್ಲಿ ಆಲ್ಕೋಹಾಲ್ ಮತ್ತು ಹಣ್ಣಿನ ಪರಿಮಳಗಳ ನಡುವೆ ಅದು ಗುರುತಾಗಬೇಕಾದರೆ ಲೀಟರಿಗೆ 10ರಿಂದ 15 ನ್ಯಾನೋಗ್ರಾಂ ಬೇಕಾಗುತ್ತದೆ. ಆದರೂ ಅದು ಅತ್ಯಲ್ಪವೇ. ಇಷ್ಟು ಕಡಿಮೆ ಪ್ರಮಾಣದಲ್ಲಿರುವುದರಿಂದಲೇ ಇದನ್ನು ತೆಗೆದುಹಾಕುವುದು ವೈನ್ ತಯಾರಕರಿಗೆ ಅಷ್ಟು ಕಷ್ಟವಾಗಿರುವುದು.

ಎಲ್ಲ ದ್ರಾಕ್ಷಿಯಲ್ಲಿಯೂ ಇದು ಇರುವುದಿಲ್ಲ. ಇದು ಮುಖ್ಯವಾಗಿ ಒಂದು ಕುಟುಂಬದ ಗುಣ. ಕ್ಯಾಬರ್ನೆ ಫ್ರಾಂಕ್, ಬಿಳಿ ವೈನಿನ ಸೋವಿನ್ಯೋ ಬ್ಲಾಂಕ್, ಇವೆರಡರ ಸಂತಾನವಾದ ಕ್ಯಾಬರ್ನೆ ಸೋವಿನ್ಯೋ, ಮತ್ತು ಇವುಗಳ ನಂಟಿನ ಮೆರ್ಲೋ ಹಾಗೂ ಕಾರ್ಮೆನೇರ್ ತಳಿಗಳಲ್ಲಿ ಪೈರಜೀನ್ ಕಾಣಿಸಿಕೊಳ್ಳುತ್ತದೆ. ಕ್ಯಾಬರ್ನೆ ಸೋವಿನ್ಯೋದ ತಂದೆ ತಾಯಿ ಯಾರೆಂಬುದು ಡಿಎನ್‌ಎ ಪರೀಕ್ಷೆಯಿಂದ 1997ರಲ್ಲಿ ತಿಳಿದುಬಂದಾಗ, ಈ ವಾಸನೆಯನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯಪಡುವಂತಹುದೇನೂ ಇದ್ದಿರಲಾರದು. ಶಿರಾಜ್ ತಳಿಯಲ್ಲಿ ಬರುವ ಕರಿಮೆಣಸಿನ ವಾಸನೆ ಬೇರೆಯೇ. ಅದಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಪತ್ತೆಹಚ್ಚಲಾಯಿತು, ಮತ್ತು ಅದನ್ನು ಹಸಿರಿನ ಖಾತೆಗೆ ಸೇರಿಸಬಾರದು. ಬೆಂಗಳೂರು ಬ್ಲೂ ದ್ರಾಕ್ಷಿಯ ಗಾಢವಾದ ವಾಸನೆಯೂ ಹಾಗೆಯೇ ಪ್ರತ್ಯೇಕ ವಿಷಯ.

ತಳಿಯಲ್ಲಿ ಈ ಗುಣ ಇದ್ದ ಮಾತ್ರಕ್ಕೆ ಅದು ವೈನಿಗೆ ಇಳಿಯಲೇಬೇಕೆಂದೇನಿಲ್ಲ. ಕಾಯಿ ಗಟ್ಟಿಯಾಗಿ ಹಸಿರಾಗಿರುವಾಗ ಪೈರಜೀನ್ ಕೂಡುತ್ತಾ ಹೋಗಿ, ಕಾಯಿಗೆ ಬಣ್ಣ ತಿರುಗುವ ಎರಡು ಮೂರು ವಾರ ಮೊದಲು ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಹಣ್ಣಾಗುತ್ತಾ ಹೋದಂತೆ ಅದು ಇಳಿಯುತ್ತದೆ. ಎಷ್ಟು ಕೂಡಿತು ಎಂಬುದನ್ನು ನಿರ್ಧರಿಸುವುದರಲ್ಲಿ ಬೆಳಕಿನ ಪಾತ್ರ ದೊಡ್ಡದು. ಬಣ್ಣ ತಿರುಗುವುದಕ್ಕೆ ಮುಂಚೆ ಗೊಂಚಲಿಗೆ ಬಿಸಿಲು ತಾಗಿದರೆ ಸಂಗ್ರಹವೇ ಕಡಿಮೆಯಾಗುತ್ತದೆ, ದಟ್ಟ ಎಲೆಗಳ ನೆರಳಿನಲ್ಲಿದ್ದರೆ ಹೆಚ್ಚಾಗುತ್ತದೆ. ಇದರಿಂದಾಗಿ, ಬೆಳೆಗಾರನು ಗೊಂಚಲಿನ ಸುತ್ತಲಿನ ಎಲೆಗಳನ್ನು ಬಣ್ಣ ಬಂದ ಮೇಲೆ ತೆಗೆದರೆ ಹೆಚ್ಚು ಫಲವಿಲ್ಲ, ಕಾಯಿ ಇನ್ನೂ ಬಟಾಣಿಯಷ್ಟಿರುವಾಗಲೇ ತೆಗೆಯಬೇಕು. ನೀರು ಮತ್ತು ಸಾರಜನಕ ಹೆಚ್ಚಾಗಿ ಸಿಕ್ಕ ಬಳ್ಳಿ ಚಿಗುರುತ್ತಲೇ ಇರುತ್ತದೆ, ತನ್ನ ಗೊಂಚಲಿಗೆ ತಾನೇ ನೆರಳು ಮಾಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ 1970ರ ದಶಕದಲ್ಲಿ ಆದದ್ದು ಇದೇ. ತಂಪು ಗಾಳಿ ಬೀಸುವ ಕಣಿವೆಯಲ್ಲಿ ಕ್ಯಾಬರ್ನೆ ನೆಟ್ಟು, ಧಾರಾಳವಾಗಿ ನೀರುಣಿಸಿ, ಬಳ್ಳಿಗಳನ್ನು ಹುಲುಸಾಗಿ ಬೆಳೆಸಿದ್ದರಿಂದ ಅಲ್ಲಿನ ವೈನುಗಳಿಗೆ ತರಕಾರಿಯ ವಾಸನೆಯ ಅಪಖ್ಯಾತಿಯೇ ಅಂಟಿಕೊಂಡಿತು. ಬಳ್ಳಿಯಲ್ಲಿ ಫಸಲು ಕಡಿಮೆಯಿದ್ದಷ್ಟೂ ವೈನ್ ಉತ್ತಮವೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: ಅತಿಯಾಗಿ ಸವರಿ ಕೆಲವೇ ಗೊಂಚಲುಗಳನ್ನು ಉಳಿಸಿಕೊಂಡ ಬಲಿಷ್ಠ ಬಳ್ಳಿಯ ಕ್ಯಾಬರ್ನೆಯು, ಸಾಕಷ್ಟು ಕಣ್ಣುಗಳನ್ನು, ಎಂದರೆ ಚಿಗುರೊಡೆಯುವ ಮೊಗ್ಗುಗಳನ್ನು, ಬಿಟ್ಟ ಬಳ್ಳಿಯ ಕ್ಯಾಬರ್ನೆಗಿಂತ ಹೆಚ್ಚು ಹಸಿರಾಗಿ ಬರಬಹುದು.

ಚಿಲಿ ದೇಶದ ಕಥೆ ಇದಕ್ಕಿಂತ ಸ್ವಾರಸ್ಯಕರ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದಿಂದ ತಂದ ಬಳ್ಳಿಗಳನ್ನು ಅಲ್ಲಿಯವರು ಮೆರ್ಲೋ ಎಂದೇ ನಂಬಿ ಬೆಳೆಸಿಕೊಂಡು ಬಂದಿದ್ದರು, ಮತ್ತು ಚಿಲಿಯ ಮೆರ್ಲೋದಲ್ಲಿ ಒಂದು ಹಸಿರು ವಾಸನೆ ಇರುವುದು ಆ ನೆಲದ ಗುಣವೆಂದೇ ಅನೇಕರು ಭಾವಿಸಿದ್ದರು. 1994ರಲ್ಲಿ ಜಾನ್ ಮಿಶೆಲ್ ಬೂರ್ಸಿಕೋ ಎಂಬ ಫ್ರೆಂಚ್ ತಜ್ಞರು ತೋಟಗಳನ್ನು ನೋಡಿ, ಆ ಬಳ್ಳಿಗಳಲ್ಲಿ ಬಹಳಷ್ಟು ಮೆರ್ಲೋ ಅಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ಕಾರ್ಮೆನೇರ್ ಮೆರ್ಲೋಗಿಂತ ಕೆಲವು ವಾರಗಳಷ್ಟು ತಡವಾಗಿ ಹಣ್ಣಾಗುತ್ತದೆ, ಮೇಲಾಗಿ ಅದರಲ್ಲಿ ಪೈರಜೀನ್ ಹೆಚ್ಚು. ಎರಡನ್ನೂ ಒಂದೇ ದಿನ ಕೊಯ್ದು ಒಂದೇ ತೊಟ್ಟಿಗೆ ಹಾಕಿದರೆ ಒಂದು ಹಣ್ಣು, ಇನ್ನೊಂದು ಕಾಯಿ. ಎರಡನ್ನೂ ಬೇರೆ ಬೇರೆಯಾಗಿ ಕೊಯ್ಯಲು ಆರಂಭಿಸಿದ ಮೇಲೆ, ನೆಲದ ಮೇಲೆ ಹೊರಿಸಿದ್ದ ಆರೋಪ ತಾನಾಗಿಯೇ ಹಗುರವಾಯಿತು.

ಗೊಂಚಲಿನಲ್ಲಿ ಪೈರಜೀನ್ ಹೆಚ್ಚಾಗಿರುವುದು ತೊಟ್ಟು ಮತ್ತು ಕಡ್ಡಿಗಳಲ್ಲಿ, ಅನಂತರ ಬೀಜ ಮತ್ತು ಸಿಪ್ಪೆಯಲ್ಲಿ. ತಿರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಿಪ್ಪೆಯಿಂದ ಅದು ಬಿಡುವುದು ಮೊದಲ ಒಂದೆರಡು ದಿನಗಳಲ್ಲಿಯೇ. ಕೆಂಪು ವೈನಿಗೆ ಬಣ್ಣ ಬರಬೇಕಾದರೆ ರಸವು ಸಿಪ್ಪೆಯೊಂದಿಗೆ ಅದಕ್ಕಿಂತ ಹೆಚ್ಚು ದಿನ ಇರಲೇಬೇಕಾದ್ದರಿಂದ, ಬೇಗ ಸೋಸಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಹುದುಗುವಿಕೆಯಲ್ಲಿ ಅದು ಕರಗಿ ಹೋಗುವುದಿಲ್ಲ, ಬಾಟಲಿಯಲ್ಲಿಯೂ ಸುಲಭವಾಗಿ ಒಡೆಯುವುದಿಲ್ಲ. ದ್ರಾಕ್ಷಿಯನ್ನು ಬಿಸಿಮಾಡಿ ಒಂದಿಷ್ಟನ್ನು ಆವಿಯಾಗಿಸುವ ವಿಧಾನವಿದೆ, ಓಕ್ ಪೀಪಾಯಿಯ ವೆನಿಲಾ ಪರಿಮಳದಿಂದ ಮರೆಮಾಡುವ ಉಪಾಯವೂ ಇದೆ. ಮರೆಮಾಡುವುದನ್ನು ಗುಣಪಡಿಸುವುದು ಎನ್ನಲು ನನಗೆ ಮನಸ್ಸಿಲ್ಲ. 2001ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಮಾಗಿದ ಗೊಂಚಲುಗಳಲ್ಲಿ ಸೇರಿಕೊಂಡಿದ್ದ ಗುಲಗಂಜಿ ಹುಳುಗಳು ದ್ರಾಕ್ಷಿಯೊಂದಿಗೆ ಅರೆದುಹೋಗಿ, ಅವುಗಳ ದೇಹದಲ್ಲಿದ್ದ ಇದೇ ಜಾತಿಯ ಇನ್ನೊಂದು ಪೈರಜೀನಿನಿಂದ ಆ ವರ್ಷದ ವೈನುಗಳು ಕೆಟ್ಟಿದ್ದವು.

ಇದಲ್ಲದೆ ಎಲೆ, ಕಡ್ಡಿ, ಹಸಿ ಕಾಯಿಗಳನ್ನು ಅರೆದಾಗ ಅವುಗಳ ಕೊಬ್ಬಿನಾಮ್ಲಗಳು ಗಾಳಿಯೊಡನೆ ಸೇರಿ ಒಡೆದು, ಆಗತಾನೇ ಕೊಯ್ದ ಹುಲ್ಲಿನ ವಾಸನೆಯ ಹೆಕ್ಸನಾಲ್ ಮೊದಲಾದ ವಸ್ತುಗಳು ಹುಟ್ಟುತ್ತವೆ. ಯೀಸ್ಟ್ ಇವುಗಳಲ್ಲಿ ಬಹುಪಾಲನ್ನು ಸೌಮ್ಯವಾದ ರೂಪಕ್ಕೆ ತಿರುಗಿಸುವುದರಿಂದ ಇವು ಪೈರಜೀನಿನಷ್ಟು ಹಟಮಾರಿಯಲ್ಲ. ಆದರೂ ಪೈರಜೀನ್ ಇಲ್ಲವೆನ್ನಬಹುದಾದ ಶಿರಾಜ್ ವೈನಿನಲ್ಲಿ ಹಸಿರು ವಾಸನೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಸರಿಯಾಗಿ ಬೇರ್ಪಡಿಸದ ಎಲೆ ಕಡ್ಡಿಗಳನ್ನು.

ಇನ್ನು ಬಾಯಿಯ ಭಾಗ. ಇಲ್ಲಿ ಕೆಲಸ ಮಾಡುವುದು ಟ್ಯಾನಿನ್. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ: ಎಳೆಯ ಅಡಿಕೆಯಲ್ಲಿ ಒಗರು ಹೆಚ್ಚು, ಬಲಿತಂತೆ ಕಡಿಮೆ, ಮತ್ತು ಬೇಯಿಸಿದಾಗ ಚೊಗರಿನಲ್ಲಿ ಇಳಿಯುವುದೂ ಈ ಟ್ಯಾನಿನ್ ವರ್ಗದ ವಸ್ತುಗಳೇ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಟ್ಟಿಗೊಳಿಸುತ್ತದೆ, ಬಾಯಿಯ ಜಾರುವಿಕೆ ಹೋಗಿ ನಾಲಿಗೆ ಅಂಗುಳಿಗೆ ಉಜ್ಜಿದಂತಾಗುತ್ತದೆ. ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಟ್ಯಾನಿನ್ ಇದೆ, ಆದರೆ ಬಲಿಯದ ಬೀಜದ್ದು ಹೆಚ್ಚು ಒರಟು, ಜೊತೆಗೆ ಕಹಿ. ಆಲ್ಕೋಹಾಲ್ ಏರಿದಂತೆ ಬೀಜದಿಂದ ಅದು ಹೆಚ್ಚಾಗಿ ಇಳಿಯುತ್ತದೆ. ಕೊನೆಯಲ್ಲಿ ಹಿಂಡುವಾಗ ಕೈ ಬಿಗಿಯಾದರೆ ಇನ್ನಷ್ಟು ಸೇರಿಕೊಳ್ಳುತ್ತದೆ. ಕಾಲ ಕಳೆದಂತೆ ಈ ಟ್ಯಾನಿನ್ ಅಣುಗಳು ಒಂದಕ್ಕೊಂದು ಹಾಗೂ ಕೆಂಪು ಬಣ್ಣದ ಅಣುಗಳೊಡನೆ ಸೇರಿ ರೂಪ ಬದಲಿಸುತ್ತವೆ, ಕೆಲವು ಗಷ್ಟಾಗಿ ತಳಕ್ಕಿಳಿಯುತ್ತವೆ, ಹಿಡಿತ ಸಡಿಲವಾಗುತ್ತದೆ. ಎರಡು ಮೂರು ವರ್ಷ ಇಡಿ ಎಂಬ ಮಾತು ನಿಜವಾಗುವುದು ಇಲ್ಲಿ ಮಾತ್ರ.

ಯುರೋಪಿನ ಪುಸ್ತಕಗಳನ್ನು ಓದಿದರೆ ಹಸಿರು ರುಚಿಗೆ ಕಾರಣ ಚಳಿ, ಮಳೆ, ಬಿಸಿಲಿನ ಕೊರತೆ ಎಂದಿರುತ್ತದೆ. ಬೋರ್ಡೋಗೆ ಅದು ಸರಿ. ಆದರೆ ಫೆಬ್ರವರಿ ಕಳೆಯುತ್ತಿದ್ದಂತೆ ಬಿಸಿಲು ನೆತ್ತಿ ಸುಡುವ ನಮ್ಮ ಸೀಮೆಯಲ್ಲಿ ಕಾಯಿ ರುಚಿ ಏಕೆ ಬರಬೇಕು? ಉತ್ತರ ನಮ್ಮ ಚಾಟ್ನಿಯ, ಎಂದರೆ ಬಳ್ಳಿ ಸವರುವ, ಕ್ರಮದಲ್ಲಿದೆ. ಇಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಏಪ್ರಿಲ್ ಸುಮಾರಿಗೆ ಕಡ್ಡಿಗಾಗಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಣ್ಣಿಗಾಗಿ. ಕೊಯ್ಲು ಸಾಮಾನ್ಯವಾಗಿ ಫೆಬ್ರವರಿ ಮಾರ್ಚಿನಲ್ಲಿ. ಯುರೋಪಿನಲ್ಲಿ ಹಣ್ಣಾಗುವ ಕಾಲವು ಬೇಸಿಗೆಯಿಂದ ತಂಪಿನ ಕಡೆಗೆ ಸಾಗಿದರೆ ನಮ್ಮಲ್ಲಿ ಚಳಿಯಿಂದ ಬಿಸಿಲಿನ ಕಡೆಗೆ ಸಾಗುತ್ತದೆ. ದಿನದಿನಕ್ಕೂ ಏರುವ ತಾಪದಲ್ಲಿ ಸಕ್ಕರೆ ಓಡುತ್ತದೆ, ಹುಳಿ ಕುಸಿಯುತ್ತದೆ, ಸಿಪ್ಪೆ ಮತ್ತು ಬೀಜಗಳು ಮಾತ್ರ ತಮ್ಮ ನಡಿಗೆಯಲ್ಲೇ ಬರುತ್ತಿರುತ್ತವೆ. ಹುಳಿ ಪೂರ್ತಿ ಹೋಗುವ ಮೊದಲು ಕೊಯ್ಯದಿದ್ದರೆ ವೈನ್ ಸಪ್ಪೆ, ಕೊಯ್ದರೆ ಬೀಜ ಹಸಿರು. ಇದರ ಜೊತೆಗೆ ನಮ್ಮ ಹವೆಯಲ್ಲಿ ಬಳ್ಳಿಗೆ ನಿಜವಾದ ಚಳಿಗಾಲದ ನಿದ್ರೆ ಇಲ್ಲದ್ದರಿಂದ ಕಣ್ಣುಗಳು ಒಟ್ಟಿಗೆ ಒಡೆಯುವುದಿಲ್ಲ. ಅದಕ್ಕಾಗಿಯೇ ಸವರಿದ ಮೇಲೆ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಹಚ್ಚಿದರೂ ಒಂದಿಷ್ಟು ಹಿಂದುಮುಂದು ಉಳಿಯುತ್ತದೆ, ಒಂದೇ ಬಳ್ಳಿಯಲ್ಲಿ ಮಾಗಿದ ಗೊಂಚಲೂ ಮಾಗದ ಗೊಂಚಲೂ ಇರುತ್ತವೆ.

ಕೊಪ್ಪಳದ ಕಡೆ ವೈನ್ ದ್ರಾಕ್ಷಿ ಬೆಳೆಯುವ ಪರಿಚಯದವರೊಬ್ಬರ ತೋಟದಲ್ಲಿ ಇದನ್ನು ಕಣ್ಣಾರೆ ನೋಡಿದೆ. ಅವರ ಜೇಬಿನಲ್ಲಿ ರಿಫ್ರಾಕ್ಟೋಮೀಟರ್ ಇತ್ತು. ಒಂದು ಹನಿ ರಸ ಬಿಟ್ಟು ನೋಡಿದರೆ 24 ಬ್ರಿಕ್ಸ್, ವೈನಿಗೆ ಬೇಕಾದಷ್ಟು ಸಕ್ಕರೆ. ನಾನು ‘ಹಾಗಾದರೆ ಕೊಯ್ಯಬಹುದಲ್ಲವೇ’ ಎಂದೆ. ಅವರು ಅದೇ ಗೊಂಚಲಿನಿಂದ ಒಂದು ಹಣ್ಣು ಕಿತ್ತು ನನ್ನ ಕೈಗಿಟ್ಟು, ‘ಬೀಜಾ ಕಡದ್ ನೋಡ್ರಿ ಸರ, ಮೀಟರ್ ಬರೇ ಸಕ್ರಿ ಅಷ್ಟ ಹೇಳ್ತೈತಿ’ ಎಂದರು. ಹಣ್ಣು ಸಿಹಿಯಾಗಿತ್ತು. ಬೀಜವನ್ನು ಹೊರಗೆ ತೆಗೆದರೆ ತಿರುಳು ಅದಕ್ಕಂಟಿಕೊಂಡು ಬಂತು, ಬಣ್ಣ ಹಳದಿ ಮಿಶ್ರಿತ ಹಸಿರು. ಕಚ್ಚಿದರೆ ಮುರಿಯದೆ ಬಾಗಿತು, ಒಸಡು ಬಿಗಿಯುವಂತೆ ಒಗರಾಯಿತು. ಪಕ್ಕದ ಸಾಲಿನಲ್ಲಿ ಬಿಸಿಲಿಗೆ ಮುಖ ಮಾಡಿದ್ದ ಗೊಂಚಲಿನ ಬೀಜ ಕಂದು ಬಣ್ಣಕ್ಕೆ ತಿರುಗಿತ್ತು, ಹಲ್ಲಿನ ಕೆಳಗೆ ಟಕ್ಕನೆ ಒಡೆದು ಹುರಿದ ಕಾಳಿನ ರುಚಿ ಕೊಟ್ಟಿತು. ಎರಡೂ ಗೊಂಚಲಿನ ಸಕ್ಕರೆಯಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ವೈನ್ ನೀತಿ ಜಾರಿಗೆ ಬಂದ ಮೇಲೆ ತೋಟಗಳ ಬಗ್ಗೆ ಸಾಕಷ್ಟು ಮಾತುಗಳಾಗಿವೆ. ಬೀಜ ಕಚ್ಚಿ ನೋಡುವ ಇಂತಹ ಬೆಳೆಗಾರನಿಗೆ ಎರಡು ಸುತ್ತಿನ ಕೊಯ್ಲಿನ ಕೂಲಿ ಗಿಟ್ಟುವಂತೆ ದರ ಕೊಡುವವರು ಬೇಕು ಎಂಬುದು ನನ್ನ ಅಭಿಪ್ರಾಯ.

ಬಾಟಲಿ ಮನೆಗೆ ಬಂದ ಮೇಲೆ ಇನ್ನೊಂದು ಗೊಂದಲವುಂಟು. ಬೆಂದ ಎಲೆಕೋಸಿನ, ಈರುಳ್ಳಿಯ ವಾಸನೆಯನ್ನೂ ಜನರು ತರಕಾರಿ ವಾಸನೆ ಎಂದೇ ಕರೆಯುತ್ತಾರೆ, ಆದರೆ ಅದು ಗಂಧಕದ ಸಂಯುಕ್ತಗಳಿಂದ ಬರುವ ದೋಷ, ದ್ರಾಕ್ಷಿ ಹಣ್ಣಾಗದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಲೋಟದಲ್ಲಿ ಸ್ವಲ್ಪ ವೈನ್ ತೆಗೆದುಕೊಂಡು, ಚೆನ್ನಾಗಿ ಉಜ್ಜಿ ತೊಳೆದ ತಾಮ್ರದ ತುಂಡನ್ನು ಅದರಲ್ಲಿ ಒಂದು ನಿಮಿಷ ಆಡಿಸಿ ಮೂಸಿ ನೋಡಿದರೆ ಗಂಧಕದ ವಾಸನೆ ಬಹುಮಟ್ಟಿಗೆ ಹೋಗಿರುತ್ತದೆ. ಮೆಣಸಿನಕಾಯಿಯ ವಾಸನೆ ಹಾಗೆಯೇ ಉಳಿದಿರುತ್ತದೆ. ಪರೀಕ್ಷೆಗೆ ಬಳಸಿದ ವೈನನ್ನು ಚೆಲ್ಲಬೇಕು. ದೇವರ ಮನೆಯ ಉದ್ಧರಣೆಯನ್ನು ಈ ಕೆಲಸಕ್ಕೆ ತೆಗೆದುಕೊಂಡರೆ ಮನೆಯಲ್ಲಿ ಆಗುವ ಪರಿಣಾಮಗಳಿಗೆ ನಾನು ಹೊಣೆಯಲ್ಲ.

ನಮ್ಮ ಊರಿಗೆ ಸೇರಿದ ಕಾರಣವೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ವೈನ್ ಬಾಟಲಿಗಳು ಬ್ರಾಂದಿ ವಿಸ್ಕಿಗಳ ಪಕ್ಕದಲ್ಲಿ, ಏಪ್ರಿಲಿನ ಸೆಖೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ಬ್ರಾಂದಿಗೆ ಅದರಿಂದ ತೊಂದರೆಯಿಲ್ಲ. ವೈನಿನಲ್ಲಿ ಎಳೆತನದ ಹಣ್ಣಿನ ಪರಿಮಳ ಕೊಡುವ ಎಸ್ಟರುಗಳು ಬಿಸಿಯಲ್ಲಿ ಬೇಗ ಒಡೆಯುತ್ತವೆ, ಪೈರಜೀನ್ ಒಡೆಯುವುದಿಲ್ಲ. ಹಣ್ಣು ಹಿಂದೆ ಸರಿದಾಗ ಅಷ್ಟರವರೆಗೆ ಅದರ ಮರೆಯಲ್ಲಿದ್ದ ಹಸಿರು ಮುಂದೆ ಬರುತ್ತದೆ. ಬೆಂಗಳೂರಿನಲ್ಲಿ ಕುಡಿದಾಗ ಚೆನ್ನಾಗಿದ್ದ ವೈನ್ ಇಲ್ಲಿ ಕಾಯಿಯಾಗಿದೆ ಎಂದು ದೂರುವವರ ಮಾತಿನಲ್ಲಿ ಹುರುಳಿರಬಹುದು. ಎರಡು ಮೂರು ವರ್ಷ ಇಡುವ ಸಲಹೆಯೂ ಈ ಕಾರಣದಿಂದಲೇ ದಾವಣಗೆರೆಯ ಮನೆಗಳಿಗೆ ಅಪಾಯಕಾರಿ: ಅಡುಗೆಮನೆಯ ಅಟ್ಟದ ಮೇಲೆ ಇಟ್ಟ ಬಾಟಲಿಯಲ್ಲಿ ಒಗರು ಇಳಿಯುವುದಕ್ಕೆ ಮುಂಚೆಯೇ ಹಣ್ಣು ಸತ್ತಿರುತ್ತದೆ.

ಕುಡಿಯುವಾಗಿನ ತಾಪವೂ ಲೆಕ್ಕಕ್ಕೆ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಪರಿಮಳ ಮುದುಡಿ ಒಗರು ಮತ್ತು ಕಹಿ ತೀಕ್ಷ್ಣವಾಗುತ್ತವೆ, 32 ಡಿಗ್ರಿಯ ಕೋಣೆಯಲ್ಲಿ ಬಿಟ್ಟರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ 18 ಡಿಗ್ರಿಗೆ ಸಮೀಪ ಬರದಿದ್ದರೂ ಕುಡಿಯುವಷ್ಟು ಹದವಾಗುತ್ತದೆ. ಜೊತೆಗೆ ತಿನ್ನುವುದರಲ್ಲಿ ಉಪ್ಪು ಮತ್ತು ಕೊಬ್ಬು ಇದ್ದರೆ ಟ್ಯಾನಿನ್ನಿನ ಹಿಡಿತ ಸಡಿಲವಾಗುತ್ತದೆ. ಖಾರವಿದ್ದರೆ ಉರಿಯೂ ಒಗರೂ ಒಂದನ್ನೊಂದು ಎತ್ತಿಕಟ್ಟುತ್ತವೆ. ಬೆಣ್ಣೆ ದೋಸೆಯೊಂದಿಗೆ ಒಗರಾದ ಕ್ಯಾಬರ್ನೆ ಹೊಂದುತ್ತದೆ ಎಂದು ಬರೆದರೆ ಊರಿನ ಹಿರಿಯರು ಕ್ಷಮಿಸಲಿಕ್ಕಿಲ್ಲ, ಆದರೆ ಹೊಂದುತ್ತದೆ.

ನನ್ನ ಮಟ್ಟಿಗೆ ಸ್ವಲ್ಪ ಹಸಿರು ವಾಸನೆ ದೋಷವಲ್ಲ. ಫ್ರಾನ್ಸಿನ ಲುವಾರ್ ಕಣಿವೆಯ ಶಿನೋನ್‌ನಲ್ಲಿ ಕ್ಯಾಬರ್ನೆ ಫ್ರಾಂಕ್ ವೈನಿನ ಆ ಗುಣವನ್ನು ಮೆಚ್ಚಿಯೇ ಕುಡಿಯುತ್ತಾರೆ, ನ್ಯೂಜಿಲೆಂಡಿನ ಸೋವಿನ್ಯೋ ಬ್ಲಾಂಕ್ ಜಗತ್ತಿನಲ್ಲೆಲ್ಲ ಮಾರಾಟವಾಗುವುದರಲ್ಲಿ ಇದೇ ಅಣುವಿಗೂ ಪಾಲಿದೆ. ಕಳೆದ ಕೆಲವು ದಶಕಗಳಲ್ಲಿ ಇದನ್ನು ಕಂಡರೆ ಹೆದರಿ, ಹಣ್ಣು ಬಳ್ಳಿಯಲ್ಲೇ ಬಾಡುವವರೆಗೆ ಬಿಟ್ಟು, ಜಾಮಿನಂತಹ ಸಿಹಿ ಪರಿಮಳದ, 15 ಪ್ರತಿಶತ ಆಲ್ಕೋಹಾಲಿನ ವೈನುಗಳನ್ನು ಮಾಡುವ ರೂಢಿ ಹಲವು ದೇಶಗಳಲ್ಲಿ ಬೆಳೆಯಿತು. ಅವುಗಳ ಒಂದು ಲೋಟ ಮುಗಿಸುವುದೇ ನನಗೆ ಸಾಕಾಗುತ್ತದೆ. ಮೂಗಿಗೆ ಮೆಣಸಿನಕಾಯಿ, ಬಾಯಿಗೆ ಮೆತ್ತಗೆ ಇರುವ ವೈನನ್ನು ನಾನು ಸಂತೋಷದಿಂದ ಆಗಲೇ ತೆರೆಯುತ್ತೇನೆ. ಮೂಗಿಗೆ ಹಣ್ಣು ತುಂಬಿದ್ದು ಬಾಯಿ ಮಾತ್ರ ಒಗರಾಗಿದ್ದರೆ, ತಂಪಾದ ಜಾಗ ಇರುವವರು ಅದರ ಜೊತೆಯ ಬಾಟಲಿಯನ್ನು ಕಾದಿಡಬಹುದು. ಎರಡೂ ಹಸಿರಾಗಿರುವುದನ್ನು ಮಾಂಸದ ಸಾರಿಗೆ ಹಾಕಿದರೂ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಕುದಿದು ಬತ್ತಿದಾಗ ಟ್ಯಾನಿನ್ ಇನ್ನಷ್ಟು ಗಟ್ಟಿಯಾಗಿ ಸಾರಿನಲ್ಲೇ ಉಳಿಯುತ್ತದೆ.